ಬಿಟ್ಟ ಸ್ಥಳ ತುಂಬುವ ವಿದ್ಯೆ

(ಬಾನುಲಿ ಭಾಷಣ)

ಪ್ರಾಥಮಿಕ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ ನಮಗೆಲ್ಲ ಪರಿಚಿತವಾದುದು: ‘ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ.’ ಆ ವಾಕ್ಯದಲ್ಲಿ ಭಾರವೆಲ್ಲ ಇರುವುದು ‘ಸೂಕ್ತ’ ಎಂಬ ಮಾತಿನ ಮೇಲೆ. ತುಂಬುವುದು ಯಾರಿಗೂ ಕಷ್ಟವಲ್ಲ. ಸೂಕ್ತವಾದುದನ್ನು ತುಂಬುವುದು ಕಷ್ಟ. ತುಂಬಿದ್ದು ಸೂಕ್ತವೋ ಅಲ್ಲವೋ ಎಂದು ಹೇಳಲು ಶಾಲೆಯಲ್ಲಿ ಉಪಾಧ್ಯಾಯರಿದ್ದಾರೆ. ಉಪಾಧ್ಯಾಯರಿಲ್ಲದ ಪರೀಕ್ಷೆಯಲ್ಲಿ, ಸರಿಯುತ್ತರ ಯಾರ ಕೈಯಲ್ಲಿಯೂ ಇಲ್ಲದಾಗ, ಬಿಟ್ಟ ಸ್ಥಳವನ್ನು ಹೇಗೆ ತುಂಬಬೇಕು? ಗೋಧಿಯ ಹೊಸ ತಳಿಗಳನ್ನು ರೂಪಿಸುವ ವಿಜ್ಞಾನಿಗಳ ಮುಂದೆ ಇಂದು ಇರುವ ಪ್ರಶ್ನೆಗಳಲ್ಲಿ ಇದೂ ಒಂದು. ಇದು ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಮುಗಿಯುವ ಪ್ರಶ್ನೆಯಲ್ಲ, ಇದರ ಉತ್ತರ ನಮ್ಮ ಹೊಲದವರೆಗೂ ಬಂದು ಮುಟ್ಟುತ್ತದೆ ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯ ರಾಗಿ ಬೆಳೆಗಾರರಿಗೆ ಬಿಟ್ಟ ಸ್ಥಳ ತುಂಬುವ ವಿದ್ಯೆ ಹೊಸದೇನಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ ಕೂರಿಗೆಯಿಂದ ಬಿತ್ತಿದ ಬೀಜವೆಲ್ಲ ಒಂದೇ ಸಮನಾಗಿ ಹುಟ್ಟುವುದಿಲ್ಲ. ಒಂದೆಡೆ ಪೈರು ಒತ್ತಾಗಿರುತ್ತದೆ, ಇನ್ನೊಂದೆಡೆ ಸಾಲು ಬರಿದಾಗಿರುತ್ತದೆ. ಒಂದು ಹದಮಳೆ ಬಿದ್ದ ದಿನ ರೈತರು ಒತ್ತಾದ ಕಡೆಯ ಪೈರನ್ನು ಕಿತ್ತು ಬರಿದಾದ ಕಡೆ ನೆಡುತ್ತಾರೆ. ಈ ಕೆಲಸದಲ್ಲಿ ಯಾರೂ ಬರೆದಿಡದ ಒಂದು ನಿಯಮವುಂಟು: ನೆಡುವ ಪೈರು ಅದೇ ಹೊಲದ್ದಾಗಿರಬೇಕು, ಅದೇ ತಳಿಯದಾಗಿರಬೇಕು, ಅದೇ ವಯಸ್ಸಿನದಾಗಿರಬೇಕು. ಬೇರೊಂದು ತಳಿಯ ಪೈರನ್ನು ತಂದು ನೆಟ್ಟರೂ ಹೊಲ ತುಂಬಿದಂತೆಯೇ ಕಾಣುತ್ತದೆ. ತೆನೆ ಮೂಡುವ ಕಾಲದಲ್ಲಿ ಮಾತ್ರ ಒಂದು ಸಾಲು ಹಣ್ಣಾಗಿ, ಪಕ್ಕದ ಸಾಲು ಇನ್ನೂ ಹಸಿರಾಗಿ ನಿಂತು ಗುಟ್ಟು ರಟ್ಟಾಗುತ್ತದೆ. ತುಂಬಿದಂತೆ ಕಾಣುವುದೇ ಬೇರೆ, ಸರಿಯಾಗಿ ತುಂಬುವುದೇ ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಗೋಧಿಯ ಕಡೆಗೆ ಹೋಗೋಣ.

ರಾಗಿಯ ಸೀಮೆಯಲ್ಲಿ ಗೋಧಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗೋಧಿ ಕನ್ನಡಿಗರಿಗೆ ಪರಕೀಯ ಬೆಳೆಯಲ್ಲ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಎರೆಭೂಮಿಯಲ್ಲಿ ಹಿಂಗಾರಿನ ಗೋಧಿ ಬಹುಕಾಲದಿಂದ ಬೆಳೆದುಬಂದಿದೆ. ಹುಗ್ಗಿಗೂ ಮಾದಲಿಗೂ ಒದಗುವ ಜವೆಗೋಧಿ, ಸದಕವೆಂದೂ ಖಪ್ಲಿಯೆಂದೂ ಹೆಸರುಳ್ಳ ಆ ಹಳೆಯ ಗೋಧಿ, ಭಾರತದಲ್ಲಿ ಉಳಿದುಕೊಂಡಿರುವ ಕೆಲವೇ ನೆಲೆಗಳಲ್ಲಿ ನಮ್ಮ ಉತ್ತರ ಕರ್ನಾಟಕವೂ ಒಂದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಸಾಮಾನ್ಯ ಗೋಧಿಯ ಜೊತೆಗೆ ಈ ಜವೆಗೋಧಿಯಲ್ಲಿಯೂ ಡಿ.ಡಿ.ಕೆ. ೧೦೨೫, ಡಿ.ಡಿ.ಕೆ. ೧೦೨೯ ಮೊದಲಾದ ಗಿಡ್ಡ ತಳಿಗಳನ್ನು ರೂಪಿಸಿ ಕೊಟ್ಟಿದೆ. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಗೋಧಿ ಜಗತ್ತಿನ ಶ್ರೀಮಂತ ರಾಷ್ಟ್ರಗಳ ಬೆಳೆ. ಅದರ ಮೇಲೆ ಹಣ ಸುರಿದು ಕಲಿತ ವಿದ್ಯೆ ತಡವಾಗಿಯಾದರೂ ರಾಗಿಯ ಬಳಿಗೆ ಬರುತ್ತದೆ. ವಿದ್ಯೆಯೊಡನೆ ಅದರ ದೋಷವೂ ಬರಬಹುದು. ಬರುವುದಕ್ಕೆ ಮೊದಲೇ ಅದನ್ನು ಅರಿತಿರುವುದು ಲೇಸು.

ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಅದರ ವಂಶದ ಬರಹವಿದೆ. ಡಿ.ಎನ್.ಎ. ಎಂಬ ಉದ್ದನೆಯ ಎಳೆಯ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದ ಬರಹ ಅದು. ಮನುಷ್ಯನ ಬರಹದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿದ್ದರೆ ಗೋಧಿಯದರಲ್ಲಿ ಸುಮಾರು ೧,೬೦೦ ಕೋಟಿ. ಮೂರು ಬೇರೆ ಬೇರೆ ಹುಲ್ಲುಗಳು ಪ್ರಾಚೀನ ಕಾಲದಲ್ಲಿ ಕೂಡಿ ಸಾಮಾನ್ಯ ಗೋಧಿಯಾಯಿತು. ಆದುದರಿಂದ ಅದರ ಕೋಶದಲ್ಲಿ ಮೂರು ಮನೆತನಗಳ ಬರಹ ಒಟ್ಟಿಗೆ ಇದೆ. ೨೧ ಜೊತೆ ವರ್ಣತಂತುಗಳ ಮೇಲೆ ಹರಡಿಕೊಂಡ ಈ ಬರಹದ ಬಹುಪಾಲು, ನೂರಕ್ಕೆ ೮೦ಕ್ಕೂ ಮೀರಿದ ಭಾಗ, ಮತ್ತೆ ಮತ್ತೆ ಬರುವ ಒಂದೇ ಬಗೆಯ ಸಾಲುಗಳಿಂದ ಕೂಡಿದೆ. ೨೦೧೮ರಲ್ಲಿ ಹಲವು ರಾಷ್ಟ್ರಗಳ ವಿಜ್ಞಾನಿಗಳು ಕೂಡಿ ‘ಚೈನೀಸ್ ಸ್ಪ್ರಿಂಗ್’ ಎಂಬ ಒಂದು ಗೋಧಿಯ ಬರಹವನ್ನು ಬಹುಮಟ್ಟಿಗೆ ಓದಿ ಪ್ರಕಟಿಸಿದರು. ಆ ಮಹಾಕಾರ್ಯದಲ್ಲಿ ‘೨ಎ’ ಎಂಬ ವರ್ಣತಂತುವಿನ ಓದು ಭಾರತದ ಪಾಲಿಗೆ ಬಂದಿತ್ತು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯವೂ ದೆಹಲಿಯ ಎರಡು ಸಂಶೋಧನ ಸಂಸ್ಥೆಗಳೂ ಅದನ್ನು ನಿರ್ವಹಿಸಿದವು.

ತಳಿ ರೂಪಿಸುವವನಿಗೆ ಅಕ್ಷರ ಅಕ್ಷರವನ್ನೂ ಓದುವ ಅಗತ್ಯವಿಲ್ಲ. ಅದಕ್ಕೆ ಬೇಕಾದ ಹಣವೂ ಅವನಲ್ಲಿ ಇರುವುದಿಲ್ಲ. ಊರಿಂದೂರಿಗೆ ಹೋಗುವ ರಸ್ತೆಯುದ್ದಕ್ಕೂ ಮೈಲಿಗಲ್ಲುಗಳಿರುವಂತೆ, ವರ್ಣತಂತುವಿನ ಉದ್ದಕ್ಕೂ ಅಲ್ಲಲ್ಲಿ ಗಿಡದಿಂದ ಗಿಡಕ್ಕೆ ಅಕ್ಷರ ಬದಲಾಗುವ ಎಡೆಗಳಿವೆ. ಅವನ್ನು ಗುರುತುಗಳೆಂದು ಕರೆಯೋಣ. ಯಾವ ಗಿಡದಲ್ಲಿ ಯಾವ ಗುರುತು ಇದೆ, ಆ ಗಿಡ ಎಷ್ಟು ಇಳುವರಿ ಕೊಟ್ಟಿತು, ಯಾವ ರೋಗವನ್ನು ತಡೆದುಕೊಂಡಿತು ಎಂಬುದನ್ನು ತಾಳೆ ನೋಡಿದರೆ, ಮುಂದೆ ಹುಟ್ಟುವ ಸಸಿಯ ಗುಣವನ್ನು ಅದರ ಗುರುತುಗಳಿಂದಲೇ ಅಂದಾಜು ಮಾಡಬಹುದು. ಹೊಸ ತಳಿಯೊಂದು ರೈತನ ಕೈಸೇರಲು ಹಲವು ವರ್ಷಗಳು ಹಿಡಿಯುವ ಈ ಕೆಲಸದಲ್ಲಿ ಇದರಿಂದ ಎಷ್ಟೋ ಕಾಲ ಉಳಿಯುತ್ತದೆ. ಸಾವಿರಾರು ಗುರುತುಗಳನ್ನು ಒಟ್ಟಿಗೆ ಹಿಡಿದು ಹೀಗೆ ಆಯ್ಕೆ ಮಾಡುವ ಮಾರ್ಗವನ್ನು ಮ್ಯೂವಿಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಮೂವರು ೨೦೦೧ರಲ್ಲಿ ತೋರಿಸಿಕೊಟ್ಟರು.

ಬಿಟ್ಟ ಸ್ಥಳದ ಸಮಸ್ಯೆ ಹುಟ್ಟುವುದು ಇಲ್ಲಿಯೇ. ಕಡಮೆ ಖರ್ಚಿನಲ್ಲಿ ಗುರುತುಗಳನ್ನು ಓದಲು ೨೦೧೧ರಿಂದೀಚೆಗೆ ಒಂದು ವಿಧಾನ ಬಳಕೆಗೆ ಬಂದಿತು. ಡಿ.ಎನ್.ಎ. ಎಳೆಯನ್ನು ನಿಯತವಾದ ಎಡೆಗಳಲ್ಲಿ ಕತ್ತರಿಸಿ, ನೂರಾರು ಗಿಡಗಳ ತುಣುಕುಗಳನ್ನು ಒಟ್ಟಿಗೆ ಸೇರಿಸಿ, ಯಂತ್ರದಲ್ಲಿ ಒಂದೇ ಸಲಕ್ಕೆ ಮೇಲುಮೇಲಾಗಿ ಓದಿಸುವ ವಿಧಾನ ಅದು. ಒಂದೇ ಲಾಂದ್ರವನ್ನು ಹಿಡಿದು ಒಂದೇ ರಾತ್ರಿಯಲ್ಲಿ ನೂರು ಶಾಸನಗಳನ್ನು ಓದಲು ಹೊರಟಂತೆ. ಪ್ರತಿಯೊಂದು ಕಲ್ಲಿನ ಮೇಲೂ ಬೆಳಕು ಬೀಳುತ್ತದೆ. ಪ್ರತಿಯೊಂದು ಸಾಲಿನ ಮೇಲೂ ಬೀಳುವುದಿಲ್ಲ. ಕೊನೆಗೆ ದೊರೆಯುವುದು ದೊಡ್ಡದೊಂದು ಕೋಷ್ಟಕ: ಎಡಗಡೆ ಗಿಡಗಳ ಪಟ್ಟಿ, ಮೇಲುಗಡೆ ಗುರುತುಗಳ ಪಟ್ಟಿ, ನಡುವೆ ಅಕ್ಷರಗಳು, ಅಕ್ಷರಗಳ ನಡುವೆ ಬೇಕಾದಷ್ಟು ಖಾಲಿ ಮನೆಗಳು. ಕೆಲವು ಗುರುತುಗಳಲ್ಲಿ ಓದಿದ್ದಕ್ಕಿಂತ ಓದದೆ ಉಳಿದದ್ದೇ ಹೆಚ್ಚು. ಲೆಕ್ಕ ಹಾಕುವ ಗಣಕಯಂತ್ರಕ್ಕೆ ಮಾತ್ರ ಖಾಲಿ ಮನೆ ಒಪ್ಪಿಗೆಯಾಗುವುದಿಲ್ಲ. ಏನನ್ನಾದರೂ ತುಂಬಲೇಬೇಕು.

ತುಂಬುವ ಬಗೆಗಳು ಹಲವು. ಎಲ್ಲಕ್ಕಿಂತ ಸುಲಭವಾದುದು, ಆ ಗುರುತಿನಲ್ಲಿ ಉಳಿದ ಗಿಡಗಳ ಸರಾಸರಿಯನ್ನು ತೆಗೆದು ಖಾಲಿ ಮನೆಗೆ ಹಾಕುವುದು. ಇದು ಊರಿನಲ್ಲಿ ಇಲ್ಲದವನ ಮತವನ್ನು ಬಹುಮತದ ಕಡೆಗೆ ಬರೆದುಕೊಂಡಂತೆ. ಎರಡನೆಯದು ಬಂಧುಗಳನ್ನು ವಿಚಾರಿಸುವುದು: ಓದಿದಷ್ಟು ಗುರುತುಗಳಲ್ಲಿ ಈ ಗಿಡವನ್ನು ಹೆಚ್ಚಾಗಿ ಹೋಲುವ ಗಿಡಗಳು ಯಾವುವು, ಅವುಗಳಲ್ಲಿ ಈ ಎಡೆಯಲ್ಲಿ ಯಾವ ಅಕ್ಷರವಿದೆ ಎಂದು ನೋಡಿ ಅದನ್ನೇ ಬರೆಯುವುದು.

ಮೂರನೆಯದು ನೆರೆಹೊರೆಯನ್ನು ನೋಡುವುದು. ಇದನ್ನು ಅರಿಯಲು ನಮ್ಮ ಜಮೀನಿನ ಪಾಲುಪಟ್ಟಿಯೇ ಸಾಕು. ಪಿತ್ರಾರ್ಜಿತ ಹೊಲವನ್ನು ಮಕ್ಕಳಿಗೆ ಹಂಚುವಾಗ ಯಾರೂ ಹಿಡಿಹಿಡಿ ಮಣ್ಣಾಗಿ ಹಂಚುವುದಿಲ್ಲ; ಒಂದೊಂದು ಪಟ್ಟಿಯನ್ನು ಒಬ್ಬೊಬ್ಬರಿಗೆ ಒಟ್ಟಾಗಿಯೇ ಕೊಡುತ್ತಾರೆ. ವರ್ಣತಂತುವೂ ತಲೆಮಾರಿನಿಂದ ತಲೆಮಾರಿಗೆ ಹೀಗೆಯೇ ತುಂಡುತುಂಡಾಗಿ ಸಾಗುತ್ತದೆ. ಒಂದು ಹಿಸ್ಸೆಯ ಪತ್ರವನ್ನು ಗೆದ್ದಲು ತಿಂದಿದೆ ಎಂದಿಟ್ಟುಕೊಳ್ಳಿ. ಅದರ ಎರಡು ಮಗ್ಗುಲಿನ ಹಿಸ್ಸೆಗಳೂ ಎರಡನೆಯ ಮಗನ ಹೆಸರಿನಲ್ಲಿದ್ದರೆ, ನಡುವಿನದೂ ಅವನದೇ ಇರಬಹುದೆಂಬ ಊಹೆಗೆ ಬಲವಿದೆ. ಗೋಧಿ ತನ್ನ ಹೂವಿನಲ್ಲಿಯೇ ತಾನು ಕಾಯಿಕಟ್ಟುವ ಬೆಳೆಯಾದುದರಿಂದ ಅದರ ಪಟ್ಟಿಗಳು ಉದ್ದನೆಯವು. ಊಹೆ ಬಹುಮಟ್ಟಿಗೆ ಫಲಿಸುತ್ತದೆ. ಆದರೆ ಬಹಳ ತಲೆಮಾರುಗಳ ಹಿಂದೆ ಬೇರೆಯಾದ ದಾಯಾದಿಗಳಲ್ಲಿ ಪಟ್ಟಿ ಮತ್ತೆ ಮತ್ತೆ ಒಡೆದು ಚಿಕ್ಕದಾಗಿರುತ್ತದೆ. ಅಲ್ಲಿ ಚಕ್ಕುಬಂದಿಯನ್ನು ನಂಬಿ ಒಡೆತನ ಹೇಳುವುದು ಕಷ್ಟ.

ನಾಲ್ಕನೆಯದು ಪಂಚಾಯಿತಿಯ ಮಾರ್ಗ. ಒಂದೇ ಪ್ರಶ್ನೆಯನ್ನು ನೂರಾರು ಪಂಚರ ಮುಂದಿಟ್ಟು, ಪ್ರತಿಯೊಬ್ಬನಿಗೂ ದಾಖಲೆಯ ಒಂದೊಂದು ಭಾಗವನ್ನು ಮಾತ್ರ ತೋರಿಸಿ, ಅವರೆಲ್ಲರ ತೀರ್ಮಾನವನ್ನು ಕೂಡಿಸುವ ಗಣಿತ ಅದು. ಗಣಿತಜ್ಞರು ಅದಕ್ಕೆ ಅಡವಿಯ ಹೆಸರನ್ನು ಕೊಟ್ಟಿದ್ದಾರೆ. ಒಬ್ಬೊಬ್ಬ ಪಂಚನ ತರ್ಕವೂ ಕೊಂಬೆ ಒಡೆದ ಒಂದೊಂದು ಮರದಂತೆ ಇರುವುದೇ ಅದಕ್ಕೆ ಕಾರಣ. ಗುರುತುಗಳು ವರ್ಣತಂತುವಿನಲ್ಲಿ ಎಲ್ಲಿವೆ ಎಂಬ ನಕ್ಷೆ ಇಲ್ಲದಿದ್ದಾಗಲೂ ಈ ಮಾರ್ಗ ನಡೆಯುತ್ತದೆ.

ಇವುಗಳಲ್ಲಿ ಯಾವುದು ಮೇಲು? ಮೆಕ್ಸಿಕೋ ದೇಶದಲ್ಲಿ ಅಂತರರಾಷ್ಟ್ರೀಯ ಗೋಧಿ ಮತ್ತು ಮೆಕ್ಕೆಜೋಳ ಸಂಶೋಧನ ಕೇಂದ್ರವಿದೆ. ಮಳೆ ಕಡಮೆಯಾದ ಪ್ರದೇಶಗಳಿಗೆಂದು ಅಲ್ಲಿ ಬೆಳೆಸಿದ ೨೫೪ ಗೋಧಿ ತಳಿಗಳಲ್ಲಿ ೪೧,೩೭೧ ಗುರುತುಗಳನ್ನು ಹಿಡಿದು ಪೋಲೆಂಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತುಂಬುವ ನಾಲ್ಕು ವಿಧಾನಗಳನ್ನು ಅವರು ಹೋಲಿಸಿ ನೋಡಿದರು. ಖಾಲಿ ಮನೆಯ ಅಕ್ಷರವನ್ನು ಸರಿಯಾಗಿ ಹೇಳುವುದರಲ್ಲಿ, ಈಗ ಹೇಳಿದ ಪಂಚಾಯಿತಿಯ ಮಾರ್ಗವೂ ಅದರಂಥ ಇನ್ನೊಂದು ಗಣಿತವೂ ಬರಿಯ ಸರಾಸರಿಗಿಂತ ಮೇಲಾದುವು. ಆದರೆ ತಳಿಯ ಒಟ್ಟು ಯೋಗ್ಯತೆಯನ್ನು ಮುಂದಾಗಿ ಹೇಳುವ ಕೆಲಸಕ್ಕೆ ಬಂದಾಗ ಆ ನಾಲ್ಕರ ನಡುವೆ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ.

ಈ ಫಲಿತಾಂಶವನ್ನು ಕೇಳಿ, ಹಾಗಾದರೆ ಹೇಗೆ ತುಂಬಿದರೂ ನಡೆಯುತ್ತದೆ ಎಂದು ಯಾರಾದರೂ ನಿರ್ಣಯಿಸಿದರೆ ಅದು ಅವಸರದ ನಿರ್ಣಯವಾದೀತು. ಇಳುವರಿಯಂಥ ಗುಣಕ್ಕೆ ನೂರಾರು ವಂಶವಾಹಿಗಳು ಒಂದೊಂದು ಹಿಡಿಯಷ್ಟನ್ನು ಕೂಡಿಸುತ್ತವೆ. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ಸರಿಯಲ್ಲಿ ಮುಳುಗಿ ಹೋಗುತ್ತದೆ. ಊರಿನ ಒಟ್ಟು ಜನಸಂಖ್ಯೆಯನ್ನು ಕೇಳುವವನಿಗೆ ಒಂದೆರಡು ಮನೆಯ ಲೆಕ್ಕ ತಪ್ಪಿದರೂ ಬಾಧಕವಿಲ್ಲ. ಆದರೆ ಊರಿನಲ್ಲಿ ಹಾವಿನ ವಿಷಕ್ಕೆ ಮದ್ದು ಬಲ್ಲವನು ಒಬ್ಬನೇ ಇದ್ದು, ಅವನ ಮನೆಯೇ ಲೆಕ್ಕದಿಂದ ತಪ್ಪಿಹೋದರೆ? ಮೊತ್ತ ಕೇಳುವವನ ಪ್ರಶ್ನೆ ಬೇರೆ. ಒಬ್ಬನನ್ನೇ ಹುಡುಕುವವನ ಪ್ರಶ್ನೆ ಬೇರೆ.

ತುಂಬಿದ್ದು ಸರಿಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. ಓದಿ ತಿಳಿದಿರುವ ಅಕ್ಷರಗಳಲ್ಲಿ ಕೆಲವನ್ನು ಬೇಕೆಂದೇ ಮರೆಮಾಡಿ, ಗಣಕಯಂತ್ರದಿಂದ ಊಹೆ ಮಾಡಿಸಿ, ಆಮೇಲೆ ತೆರೆದು ನೋಡುವುದು. ನೂರಕ್ಕೆ ೯೫ ಸರಿ ಎಂದು ಬಂದರೆ ಯಾರಿಗಾದರೂ ಸಂತೋಷವಾಗುತ್ತದೆ. ಸ್ವಲ್ಪ ನಿಂತು ಯೋಚಿಸಬೇಕು. ನೂರು ಗಿಡಗಳಲ್ಲಿ ೯೫ ಗಿಡಗಳಿಗೆ ಒಂದು ಅಕ್ಷರ, ಐದಕ್ಕೆ ಮಾತ್ರ ಇನ್ನೊಂದು ಅಕ್ಷರ ಎಂದಿಟ್ಟುಕೊಳ್ಳಿ. ಏನನ್ನೂ ಓದದೆ, ಏನನ್ನೂ ಯೋಚಿಸದೆ, ಎಲ್ಲ ಮನೆಗೂ ಮೊದಲನೆಯ ಅಕ್ಷರವನ್ನೇ ಬರೆದರೂ ನೂರಕ್ಕೆ ೯೫ ಅಂಕ ದೊರೆಯುತ್ತದೆ. ಆ ಐದು ಗಿಡಗಳ ವಿಚಾರದಲ್ಲಿ ಮಾತ್ರ ಐದಕ್ಕೆ ಐದೂ ತಪ್ಪು. ಇಷ್ಟೊಂದು ಅಂಕ ಪಡೆದವನು ತಿಳಿಯಬೇಕಾದ ಒಂದೇ ಒಂದು ಸಂಗತಿಯನ್ನು ತಿಳಿಯದೆ ಉಳಿಯುತ್ತಾನೆ. ಇದರ ಮೇಲೆ, ನೂರರಲ್ಲಿ ಐದಕ್ಕಿಂತ ಕಡಮೆ ಗಿಡಗಳಲ್ಲಿ ಕಾಣುವ ಅಕ್ಷರದ ಗುರುತನ್ನು ಲೆಕ್ಕದಿಂದಲೇ ಕೈಬಿಡುವ ರೂಢಿಯೂ ಹಲವು ಅಧ್ಯಯನಗಳಲ್ಲಿ ಉಂಟು.

ಈ ಅಪಾಯ ಎಂಥದೆಂಬುದನ್ನು ನಮ್ಮ ಚಿತ್ರದುರ್ಗ ಜಿಲ್ಲೆಯ ಕಲ್ಲುಗಳೇ ಸ್ಪಷ್ಟವಾಗಿ ಹೇಳಬಲ್ಲುವು. ಜಿಲ್ಲೆಯ ಇನ್ನೊಂದು ತುದಿಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯನ್ನು ಸ್ಥಳೀಯರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಮೂರರಲ್ಲಿಯೂ ಇರುವುದು ಬಹುಮಟ್ಟಿಗೆ ಒಂದೇ ಆಜ್ಞೆ. ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಜಟಿಂಗರಾಮೇಶ್ವರದ್ದು ಬಹಳ ಸವೆದಿದೆ. ಸವೆದ ಶಾಸನದ ಅಳಿದ ಅಕ್ಷರಗಳನ್ನು ಉಳಿದ ಶಾಸನಗಳ ನೆರವಿನಿಂದ ವಿದ್ವಾಂಸರು ಓದಿಕೊಂಡರು. ಬಂಧುಗಳನ್ನು ವಿಚಾರಿಸಿ ಬಿಟ್ಟ ಸ್ಥಳ ತುಂಬುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಈ ಶಾಸನಗಳಲ್ಲಿ ರಾಜನ ಹೆಸರಿಲ್ಲ. ‘ದೇವಾನಾಂಪಿಯ’, ದೇವತೆಗಳಿಗೆ ಪ್ರಿಯನಾದವನು, ಎಂಬ ಬಿರುದು ಮಾತ್ರ ಇದೆ. ಆಗ ತಿಳಿದಿದ್ದ ಉಳಿದೆಲ್ಲ ಶಾಸನಗಳಲ್ಲಿಯೂ ಹೀಗೆಯೇ ಬಿರುದುಗಳಷ್ಟೇ ಇದ್ದುವು. ೧೯೧೫ರಲ್ಲಿ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಇಂದಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇದೇ ಆಜ್ಞೆಯ ಮತ್ತೊಂದು ಪಾಠವನ್ನು ಕಂಡರು. ಅದರಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೇ ಕೆತ್ತಲ್ಪಟ್ಟಿತ್ತು. ದೇವಾನಾಂಪಿಯನೆಂದರೆ ಅಶೋಕನೇ ಎಂಬುದು ಅಂದು ಕಲ್ಲಿನ ಸಾಕ್ಷ್ಯದಿಂದಲೇ ಸ್ಥಿರವಾಯಿತು.

ಈಗ ಒಂದು ಕಲ್ಪನೆ ಮಾಡಿಕೊಳ್ಳೋಣ. ಮಸ್ಕಿಯ ಬಂಡೆಯಲ್ಲಿ ಆ ಹೆಸರಿನ ಕೆಲವೇ ಅಕ್ಷರಗಳು ಸವೆದುಹೋಗಿದ್ದುವೆನ್ನಿ. ಅಲ್ಲಿ ಏನಿದ್ದೀತೆಂದು ಊಹಿಸುವ ವಿದ್ವಾಂಸ ಬೇರೆಲ್ಲ ಶಾಸನಗಳನ್ನು ತಾಳೆ ನೋಡಿ, ಎಲ್ಲಿಯೂ ಇಲ್ಲದ ಹೆಸರು ಇಲ್ಲಿಯೂ ಇರಲಾರದೆಂದು ಬಹುಮತದ ಪಾಠವನ್ನೇ ತುಂಬುತ್ತಿದ್ದ. ಅವನ ವಿಧಾನದಲ್ಲಿ ಯಾವ ದೋಷವನ್ನೂ ನಾವು ತೋರಿಸಲಾಗುತ್ತಿರಲಿಲ್ಲ. ಮಸ್ಕಿಯ ಬಂಡೆಗೆ ಮಾತ್ರ ಗೊತ್ತಿದ್ದ ಸಂಗತಿ, ಉಳಿದ ಬಂಡೆಗಳ ಸಾಕ್ಷ್ಯದಿಂದಲೇ ಅಳಿಸಿಹೋಗುತ್ತಿತ್ತು. ಬಂಧುಗಳಿಂದ ತುಂಬಿಸಿಕೊಂಡ ಪಾಠ ಬಂಧುಗಳಿಗೆ ತಿಳಿದಷ್ಟನ್ನೇ ಹೇಳೀತು. ಯಾರಿಗೂ ತಿಳಿಯದ ಹೊಸ ಮಾತು ಒಂದು ಕಲ್ಲಿನಲ್ಲಿದ್ದರೆ ಅದನ್ನು ಆ ಕಲ್ಲಿನ ಬಳಿಗೇ ಹೋಗಿ ಓದಬೇಕು.

ಗೋಧಿಯಲ್ಲಿಯೂ ಇಂಥ ಮಸ್ಕಿಗಳುಂಟು. ಗೋಧಿಯ ಬಹುದೊಡ್ಡ ಶತ್ರು ತುಕ್ಕು; ಉತ್ತರ ಕರ್ನಾಟಕದ ರೈತರು ಭಂಡಾರ ರೋಗವೆಂದು ಕರೆಯುವುದು ಇದನ್ನೇ. ಬೇಸಗೆಯ ಬಿಸಿಲಿಗೆ ಬಯಲುಸೀಮೆಯಲ್ಲಿ ಸಾಯುವ ಈ ಬೂಷ್ಟು ಪರ್ವತದ ತಂಪಿನಲ್ಲಿ ಬದುಕಿಕೊಂಡಿದ್ದು ಮತ್ತೆ ಗಾಳಿಯ ಮೇಲೆ ಇಳಿದು ಬರುತ್ತದೆ ಎಂಬುದನ್ನು ಕೆ. ಸಿ. ಮೆಹತಾ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲಿ ತೋರಿಸಿಕೊಟ್ಟರು. ಕಾಂಡದ ತುಕ್ಕು ದಕ್ಷಿಣದಲ್ಲಿ ಹೀಗೆ ಆಶ್ರಯ ಪಡೆಯುವುದು ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ. ಅಲ್ಲಿಂದ ಉತ್ತರಕ್ಕೆ ಹೊರಟ ಬೂಷ್ಟಿನ ದಾರಿಯಲ್ಲಿಯೇ ನಮ್ಮ ಗೋಧಿಯ ಹೊಲಗಳಿವೆ.

ಜಗತ್ತಿನ ತುಕ್ಕುರೋಗದ ವಿಜ್ಞಾನದಲ್ಲಿ ನಮ್ಮ ಖಪ್ಲಿ ಗೋಧಿಗೆ ಒಂದು ಗೌರವದ ಸ್ಥಾನವಿದೆ. ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವಿನ್ ಎಂಬ ವಿಜ್ಞಾನಿಗಳು ೧೯೨೦ರ ದಶಕದಲ್ಲಿ ಕಾಂಡದ ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಹನ್ನೆರಡು ಗೋಧಿಗಳನ್ನು ಒರೆಗಲ್ಲಾಗಿ ಆರಿಸಿಕೊಂಡರು. ಅವುಗಳಲ್ಲಿ ಖಪ್ಲಿಯೂ ಒಂದು. ಅದರಲ್ಲಿ ಕಂಡುಬಂದ ತಡೆಶಕ್ತಿಯ ವಂಶವಾಹಿಗಳಲ್ಲಿ ‘ಎಸ್‌ಆರ್ ೧೩’ ಎಂಬುದೂ ಸೇರಿದೆ. ಇಥಿಯೋಪಿಯದ ಒಂದು ಗೋಧಿಯಲ್ಲಿಯೂ ಇದು ಕಂಡುಬಂದಿದೆ. ೧೯೯೦ರ ದಶಕದ ಕೊನೆಗೆ ಉಗಾಂಡದಲ್ಲಿ ಕಾಣಿಸಿಕೊಂಡ ‘ಉಗ್ ೯೯’ ಎಂಬ ತುಕ್ಕು, ಅಲ್ಲಿಯವರೆಗೆ ಜಗತ್ತೇ ನಂಬಿದ್ದ ತಡೆಶಕ್ತಿಯೊಂದನ್ನು ಮುರಿದು ಗೋಧಿಯ ರಾಷ್ಟ್ರಗಳನ್ನೆಲ್ಲ ನಡುಗಿಸಿತು. ಆಗ ಅದಕ್ಕೆ ಎದುರು ನಿಂತ ಕೆಲವೇ ವಂಶವಾಹಿಗಳಲ್ಲಿ ‘ಎಸ್‌ಆರ್ ೧೩’ ಒಂದಾಗಿತ್ತು. ೨೦೧೭ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಅದರ ಬರಹವನ್ನು ಪೂರ್ಣವಾಗಿ ಓದಿದರು. ಇಳುವರಿ ಸಾಲದೆಂದೂ ಹೊಟ್ಟು ಬಿಡಿಸುವುದು ಕಷ್ಟವೆಂದೂ ಮೂಲೆಗೆ ಸರಿದಿದ್ದ ಒಂದು ಬಗೆಯ ಗೋಧಿಯಲ್ಲಿ ಇಂಥ ಸಂಪತ್ತು ಅಡಗಿತ್ತು. ಹೆಚ್ಚಿನ ಗೋಧಿಗಳಲ್ಲಿ ಇಲ್ಲದಿದ್ದುದೇ ಅದರ ಬೆಲೆಗೆ ಕಾರಣ. ಇಂಥದನ್ನು ಬಹುಮತದ ಲೆಕ್ಕದಿಂದ ತುಂಬಿದ ಕೋಷ್ಟಕದಲ್ಲಿ ಹುಡುಕುವವನಿಗೆ ಬಹುಮತವೇ ಎದುರಾಗುತ್ತದೆ.

ಹಾಗೆಂದು ತುಂಬುವ ವಿದ್ಯೆಯನ್ನೇ ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಬಡ ರಾಷ್ಟ್ರದ ತಳಿವಿಜ್ಞಾನಿ ಈ ಕ್ಷೇತ್ರಕ್ಕೆ ಕಾಲಿಡುವುದೇ ಅಸಾಧ್ಯ. ಅಗ್ಗದಲ್ಲಿ ಅರೆಬರೆಯಾಗಿ ಓದಿ, ಉಳಿದುದನ್ನು ಗಣಿತದಿಂದ ತುಂಬಿಕೊಳ್ಳುವುದು ಅವನಿಗೆ ವರವೇ ಸರಿ. ಬೇಕಾದುದು ಒಂದು ವ್ರತ: ಊಹೆ ಊಹೆಯಾಗಿಯೇ ಉಳಿಯಬೇಕು, ಸಾಕ್ಷ್ಯದ ವೇಷ ಹಾಕಬಾರದು. ಈ ವ್ರತ ಕೃಷಿ ವಿಜ್ಞಾನಕ್ಕೆ ಹೊಸದಲ್ಲ. ಪ್ರಯೋಗಕ್ಕೆಂದು ಬಿತ್ತಿದ ಮಡಿಗಳಲ್ಲಿ ಒಂದನ್ನು ದನ ಮೇಯ್ದುಹೋದರೆ ಲೆಕ್ಕವನ್ನು ಹೇಗೆ ಸರಿದೂಗಿಸಬೇಕೆಂಬ ಪ್ರಶ್ನೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಎದ್ದಿತ್ತು. ಆಲನ್ ಮತ್ತು ವಿಶಾರ್ಟ್ ೧೯೩೦ರಲ್ಲಿ, ಫ್ರಾಂಕ್ ಯೇಟ್ಸ್ ೧೯೩೩ರಲ್ಲಿ ಅದಕ್ಕೆ ಸೂತ್ರಗಳನ್ನು ಕೊಟ್ಟರು. ಅಕ್ಕಪಕ್ಕದ ಮಡಿಗಳಿಂದಲೂ ಅದೇ ತಳಿಯ ಬೇರೆ ಮಡಿಗಳಿಂದಲೂ ಅಂದಾಜು ಮಾಡಿ, ಹಾಳಾದ ಮಡಿಯ ಇಳುವರಿ ಎಷ್ಟಿದ್ದಿರಬಹುದೆಂದು ತುಂಬಬಹುದು. ಆದರೆ ಹಾಗೆ ತುಂಬಿದ ಮೇಲೆ, ಪ್ರಯೋಗದ ತಪ್ಪನ್ನು ಅಳೆಯುವ ಲೆಕ್ಕದಲ್ಲಿ ಸಾಕ್ಷಿಗಳ ಸಂಖ್ಯೆಯಿಂದ ಒಂದನ್ನು ಕಳೆಯಲೇಬೇಕು. ಮಡಿ ತುಂಬಿದೆ, ಸಾಕ್ಷಿ ತುಂಬಿಲ್ಲ. ಕಾಣದುದನ್ನು ಕಂಡೆನೆಂದು ಎಣಿಸಬಾರದೆಂಬ ಧರ್ಮವನ್ನು ಆ ಪುಟ್ಟ ಸೂತ್ರದಲ್ಲಿಯೇ ಹೆಣೆದಿಟ್ಟಿದ್ದಾರೆ.

ನಮ್ಮ ಶಾಸನ ಸಂಪಾದಕರ ಪದ್ಧತಿಯೂ ಇದೇ. ಅಳಿದ ಅಕ್ಷರದ ಎಡೆಯಲ್ಲಿ ಚುಕ್ಕೆಯಿಡುತ್ತಾರೆ; ಊಹಿಸಿದ ಅಕ್ಷರವನ್ನು ಕಂಸದೊಳಗೆ ಕೊಡುತ್ತಾರೆ. ಮುಂದಿನ ಓದುಗ ಕಂಸವನ್ನು ನೋಡಿ, ಬೇಕಾದರೆ ಮತ್ತೆ ಕಲ್ಲಿನ ಬಳಿಗೆ ಹೋಗಬಹುದು. ಗಣಕಯಂತ್ರವೂ ಮೊದಲಿಗೆ ಹೇಳುವುದು ಹೀಗೆಯೇ: ಇದು ನೂರಕ್ಕೆ ಎಂಬತ್ತು ಪಾಲು ಈ ಅಕ್ಷರ, ಇಪ್ಪತ್ತು ಪಾಲು ಆ ಅಕ್ಷರ. ಅನುಕೂಲಕ್ಕೆಂದು ನಾವು ಎಂಬತ್ತನ್ನು ನೂರು ಮಾಡಿ ಬರೆದುಕೊಳ್ಳುತ್ತೇವೆ. ಕಂಸ ಬಿದ್ದುಹೋಗುತ್ತದೆ. ಕೋಷ್ಟಕ ಕೈಯಿಂದ ಕೈಗೆ ದಾಟಿದಾಗ, ಯಾವುದು ಓದಿದ ಅಕ್ಷರ, ಯಾವುದು ತುಂಬಿದ ಅಕ್ಷರ ಎಂದು ಹೇಳುವವರೇ ಇರುವುದಿಲ್ಲ.

ಇನ್ನು ನಮ್ಮ ರಾಗಿಯ ಮಾತು. ರಾಗಿಯದು ೩೬ ವರ್ಣತಂತುಗಳು, ಎರಡು ಮನೆತನಗಳ ಬರಹ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ನೇತೃತ್ವದ ತಂಡವೊಂದು ಎಂ.ಎಲ್. ೩೬೫ ಎಂಬ ತಳಿಯನ್ನು ಹಿಡಿದು ಅದರ ಬರಹವನ್ನು ಓದಿ ೨೦೧೭ರಲ್ಲಿ ಪ್ರಕಟಿಸಿತು. ಇದು ಹೆಮ್ಮೆಯ ಕಾರ್ಯ. ಆದರೆ ಗೋಧಿಯಲ್ಲಿ ೨೦೨೦ರ ವೇಳೆಗೇ ಹತ್ತಕ್ಕೂ ಹೆಚ್ಚು ತಳಿಗಳ ಬರಹ ಕೈಸೇರಿತ್ತು. ರಾಗಿಯಲ್ಲಿ ಹೀಗೆ ಪೂರ್ಣವಾಗಿ ಓದಿದ ತಳಿಗಳು ಇನ್ನೂ ಬೆರಳೆಣಿಕೆಯವು. ವಿಚಾರಿಸಲು ಬಂಧುಗಳು ಕಡಮೆಯಾದಷ್ಟೂ ತುಂಬುವ ಊಹೆ ಬಡವಾಗುತ್ತದೆ. ಹಿಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ದೂರದ ಬಂಧುವಿನಲ್ಲಿ ನಮ್ಮಲ್ಲಿ ಇಲ್ಲದುದು ಇದ್ದೀತೆಂಬ ವಿವೇಕದಿಂದಲೇ ಅವು ಹುಟ್ಟಿದುವು. ೧೯೯೦ರ ದಶಕದಲ್ಲಿ ಬಂದ ಜಿ.ಪಿ.ಯು. ೨೮ ಬೆಂಕಿರೋಗವನ್ನು ತಡೆದು ರಾಜ್ಯದ ತುಂಬ ಹರಡಿತು. ಒಂದೇ ತಳಿ ಎಲ್ಲೆಡೆ ಹರಡಿದಾಗ ಇಳುವರಿ ಬರುತ್ತದೆ. ಹಳೆಯ ತಳಿಗಳು ಹಿತ್ತಿಲಿನಿಂದಲೂ ಮರೆಯಾಗುತ್ತವೆ. ಉಂಡೆರಾಗಿ, ಪಿಚ್ಚಕಡ್ಡಿ ರಾಗಿ, ಕೋಣನಕೊಂಬಿನ ರಾಗಿ ಎಂಬ ಹೆಸರುಗಳನ್ನು ಕೇಳಿದವರಾದರೂ ಇಂದು ಎಷ್ಟು ಮಂದಿ?

ಮಾಡದಕೆರೆಯ ಕಡೆ ಯಾವುದೋ ಒಂದು ಮನೆಯ ಸೋರೆಬುರುಡೆಯಲ್ಲಿ ಬೂದಿ ಬೆರೆಸಿಟ್ಟ ಹಿಡಿ ರಾಗಿ ಇದೆ ಎಂದಿಟ್ಟುಕೊಳ್ಳೋಣ. ಅದನ್ನು ಅರೆಬರೆಯಾಗಿ ಓದಿ, ಉಳಿದುದನ್ನು ಜನಪ್ರಿಯ ತಳಿಗಳ ಮಾದರಿಯಿಂದ ತುಂಬಿದರೆ, ಕೋಷ್ಟಕದಲ್ಲಿ ಅದು ಜನಪ್ರಿಯ ತಳಿಯಂತೆಯೇ ಕಾಣುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲವೆಂದು ಬದಿಗಿಡುವುದೂ ಸುಲಭವಾಗುತ್ತದೆ. ಯಾರೂ ಸುಳ್ಳು ಹೇಳದೆ, ಯಾರೂ ದ್ರೋಹ ಬಗೆಯದೆ, ಒಂದು ಬೀಜದ ಮಾತು ಹೀಗೆ ಅಳಿಸಿಹೋಗಬಹುದು.

ಇದನ್ನು ತಪ್ಪಿಸಲು ಇಬ್ಬರೂ ಕೈಹಾಕಬೇಕು. ವಿಜ್ಞಾನಿಗಳು ಮಾಡಬೇಕಾದುದು ಮೂರು ಕೆಲಸ: ತುಂಬಿದ ಅಕ್ಷರಕ್ಕೆ ಗುರುತು ಇಟ್ಟಿರುವುದು, ಅಪರೂಪದ ಅಕ್ಷರಗಳಲ್ಲಿ ತಮ್ಮ ಊಹೆ ಎಷ್ಟು ಸರಿಯಾಯಿತೆಂಬುದನ್ನು ಬೇರೆಯಾಗಿಯೇ ಲೆಕ್ಕ ಹಾಕುವುದು, ಊರೂರಿನ ಹಳೆಯ ತಳಿಗಳಲ್ಲಿ ಕೆಲವನ್ನಾದರೂ ಅರೆಬರೆಯಾಗಿ ಅಲ್ಲದೆ ಪೂರ್ಣವಾಗಿ ಓದುವುದು. ರೈತರು ಮಾಡಬೇಕಾದುದು ಒಂದೇ: ಬೀಜವನ್ನು ಉಳಿಸುವುದು. ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ೨೦೦೧ರಲ್ಲಿ ಬಂದಿದೆ. ರೈತರು ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಲು ಅದರಲ್ಲಿ ಅವಕಾಶವುಂಟು. ಜಿಲ್ಲೆಯೊಳಗೇ ಹಿರಿಯೂರಿನ ಬಬ್ಬೂರು ಫಾರಂ ಇದೆ. ಹಳೆಯ ಬೀಜ ಮನೆಯಲ್ಲಿರುವವರು ಅದನ್ನು ಪ್ರತಿವರ್ಷ ಒಂದು ಮಡಿಯಷ್ಟಾದರೂ ಬಿತ್ತಿ ಜೀವಂತವಾಗಿಡಬೇಕು. ಅದರ ಹೆಸರು, ಅದು ಬಂದ ಮನೆ, ಅದರ ಗುಣ ಇವನ್ನು ಬರೆದಿಡಬೇಕು. ಗಣಿತಕ್ಕೆ ಊಹಿಸಲಾಗದುದು ಆ ಬರಹದಲ್ಲಿಯೂ ಆ ಬೀಜದಲ್ಲಿಯೂ ಇರುತ್ತದೆ.

ಬಿಟ್ಟ ಸ್ಥಳವೊಂದು ಖಾಲಿಯಾಗಿಯೇ ಉಳಿದರೆ, ಇಲ್ಲಿ ತಿಳಿಯದುದು ಒಂದಿದೆ ಎಂದು ಅದು ಹೇಳುತ್ತಲೇ ಇರುತ್ತದೆ. ತಪ್ಪಾಗಿ ತುಂಬಿದ ಸ್ಥಳ ಹಾಗೆ ಹೇಳುವುದಿಲ್ಲ. ಎಲ್ಲವೂ ತಿಳಿದಿದೆ ಎಂಬಂತೆ ಸುಮ್ಮನಿರುತ್ತದೆ. ಹೊಲದಲ್ಲಾದರೆ ತೆನೆಯ ಕಾಲಕ್ಕೆ ಈ ಗುಟ್ಟು ಹೊರಬೀಳುತ್ತದೆ. ಕಾಗದದ ಕೋಷ್ಟಕಕ್ಕೆ ತೆನೆ ಮೂಡುವುದಿಲ್ಲ. ಆದುದರಿಂದ ಅಲ್ಲಿ ಎಚ್ಚರ ನಮ್ಮದೇ ಆಗಬೇಕು.